ಲವ್ವಿನ ಪುಸ್ತಕ ಓದಿದ್ರ ಏನಾಗ್ತದ?

ಹೋದ ವರ್ಷ ನಮ್ಮ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗಣಿತದ ಪುಸ್ತಕದೊಳಗೆ ಮೊಬೈಲ್ ಇಟ್ಟುಕೊಂಡು ಕಥೆ ಓದುತ್ತಾ ಸಿಕ್ಕಿಬಿದ್ದಳು. ಹಿಡಿದವಳು ನಾನೇ. ಪ್ರತಿಲಿಪಿಯಂಥ ಆ್ಯಪುಗಳಲ್ಲಿ ಕಂತು ಕಂತಾಗಿ ಬರುತ್ತವಲ್ಲ, ಅಂಥದ್ದೊಂದು ಧಾರಾವಾಹಿ. ನಾಯಕ ಸತ್ತು ಇನ್ನೂರು ವರ್ಷವಾಗಿದೆ, ರಕ್ತ ಕುಡಿಯುತ್ತಾನೆ, ನೋಡಲು ಮಾತ್ರ ಸಿನಿಮಾ ಹೀರೋ. ಕಾಲೇಜು ಹುಡುಗಿಯೊಬ್ಬಳ ಮೇಲೆ ಅವನಿಗೆ ಪ್ರೀತಿ.

ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು. "ಅವರಪ್ಪಗ ಫೋನ್ ಮಾಡ್ರಿ ಮೇಡಂ. ಇಂಥವು ಓದಿ ಓದೇ ಹುಡುಗ್ಯಾರು ಕೆಡ್ಲತ್ತಾರ."

ನಂಬರ್ ತೆಗೆದೆ. ಒತ್ತಲಿಲ್ಲ. ಒತ್ತದೇ ಇರಲು ಕಾರಣ 1986ರದ್ದು.

ಆಗ ನನಗೆ ಹತ್ತು ವರ್ಷ. ಸೇಡಂನ ನಮ್ಮ ಮನೆಯಲ್ಲಿ ಅಪ್ಪನ ತಂಗಿ, ಅಂದರೆ ನಮ್ಮ ಸಣ್ಣತ್ತಿ, ಪಿಯುಸಿ ಓದುತ್ತಿದ್ದಳು. ಆಕೆಗೆ ಕಾದಂಬರಿಗಳು ಬರುತ್ತಿದ್ದದ್ದು ರೈಲಿನ ದಾರಿಯಲ್ಲಿ. ನಮ್ಮ ಕಡೆ ನಕ್ಷೆ ನೋಡಿದರೆ ತಿಳಿಯುತ್ತದೆ. ಶಹಾಬಾದ್‌ನಿಂದ ವಾಡಿ, ವಾಡಿಯಿಂದ ಸಿಕಂದರಾಬಾದ್ ಲೈನು ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. 1874ರಲ್ಲಿ ನಿಜಾಮರ ಕಾಲಕ್ಕೆ ಶುರುವಾದ ಲೈನಿದು. ಶಹಾಬಾದ್, ವಾಡಿಯ ಫ್ಯಾಕ್ಟರಿ ಕಾಲನಿಗಳಿಗೆ ಎಲ್ಲೆಲ್ಲಿಂದಲೋ ಬಂದ ಮಂದಿ ತಮ್ಮ ಜೊತೆ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ ಅವರನ್ನೂ ತಂದಿದ್ದರು. ವಾಡಿಯಲ್ಲಿದ್ದ ನಮ್ಮ ಸೋದರಮಾವ ಬರುವಾಗ ಚೀಲದ ತಳದಲ್ಲಿ ಒಂದೆರಡು ಪುಸ್ತಕ ಇರುತ್ತಿದ್ದವು. ಹತ್ತು ಕೈ ದಾಟಿ ಬಂದವು. ರಟ್ಟು ಇರುತ್ತಿರಲಿಲ್ಲ. ಅತ್ತಿ ಅವಕ್ಕೆ ಪೇಪರಿನ ಹೊದಿಕೆ ಹಾಕಿ ಜೋಳದ ಚೀಲದ ಹಿಂದೆ ಇಡುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನನಗೂ ಒಂದಿಷ್ಟು ಓದಿ ಹೇಳುತ್ತಿದ್ದಳು. ಒಂದು ದಿನ ಮಾತ್ರ, "ಇದು ಸಣ್ಣೋರು ಕೇಳೋದಲ್ಲ, ಹೊರಗ ಹೋಗಿ ಆಡು" ಅಂದಳು. ಕಥೆ ಮುಗಿಯಲು ಬಂದಿತ್ತು. ನನಗೆ ಸಿಟ್ಟು ಬಂತು. ಸೀದಾ ಹೋಗಿ ಮುತ್ಯಾನಿಗೆ ಹೇಳಿದೆ: "ಅತ್ತಿ ಲವ್ವಿನ ಪುಸ್ತಕ ಓದ್ಲತ್ತಾಳ."

ಮುತ್ಯಾ ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕ ಇಸಿದುಕೊಂಡು ಬಚ್ಚಲ ಒಲೆಗೆ ಹಾಕಿದ. ಅವತ್ತು ಆ ನೀರಿನಲ್ಲೇ ನಾವೆಲ್ಲ ಜಳಕ ಮಾಡಿದೆವು. ಪರೀಕ್ಷೆ ಮುಗಿಯುವ ಮೊದಲೇ ಚಿಂಚೋಳಿ ಕಡೆಯ ಸಂಬಂಧ ಗಟ್ಟಿಯಾಯಿತು. ಪುಸ್ತಕದ ಕಾರಣಕ್ಕೇ ಆಯಿತು ಅಂತ ಹೇಳಲಾರೆ. ಹೇಗಿದ್ದರೂ ಆಗುತ್ತಿತ್ತೇನೋ. ಮಾಮಾ ಒಳ್ಳೆಯ ಮನುಷ್ಯ, ಅತ್ತಿ ಚೆನ್ನಾಗಿಯೇ ಬಾಳಿದಳು. ಆದರೆ ಆ ಎರಡು ತಿಂಗಳಲ್ಲಿ ಮನೆಯವರೆಲ್ಲ ಬಂಗಾರದ ಬಗ್ಗೆ, ಸೀರೆಯ ಬಗ್ಗೆ, ಅಡುಗೆಯವರ ಬಗ್ಗೆ ಮಾತಾಡಿದರು. ಅತ್ತಿಯನ್ನು ಕೇಳಿದವರನ್ನು ನಾನು ನೋಡಲಿಲ್ಲ.

ಮುತ್ಯಾನನ್ನು ಕೆಟ್ಟವನನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಆತ ಕಥೆಯ ವಿರೋಧಿ ಅಲ್ಲವೇ ಅಲ್ಲ. ನಳ ದಮಯಂತಿ ಬಯಲಾಟ ಇದೆ ಅಂದರೆ ಬೆಳಗಾಗುವ ತನಕ ಕೂತು, ನಳ ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟು ಹೋಗುವಾಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಮುಂದಿನ ಸಾಲಿನಲ್ಲೇ ಕೂಡುತ್ತಿದ್ದ. ಹರಿಹರನ ‘ಗಿರಿಜಾ ಕಲ್ಯಾಣ’ ಏನು ಮತ್ತೆ? ಮನಸ್ಸಿಗೆ ಬಂದವನನ್ನೇ ಮದುವೆಯಾಗಬೇಕೆಂದು ಹಟ ಹಿಡಿದು ತಪಸ್ಸಿಗೆ ಕೂತ ಹುಡುಗಿಯ ಕಥೆ. ಅದನ್ನು ಕೇಳಿ ಹುಡುಗಿಯರು ಕೆಡುತ್ತಾರೆಂದು ಯಾರೂ ಅಂದಿಲ್ಲ.

ಇನ್ನೊಂದು ನೋಡಿ. ಅದೇ ದಿನಗಳಲ್ಲಿ ನಮ್ಮ ಕಾಕಾ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಕಟ್ಟೆಯ ಮೇಲೆ ಕೂತು ರಾಜಾರೋಷವಾಗಿ ಓದಿದ. ಒಂದು ಮಗುವಿನ ಮೇಲೆ ಮಾಟ ಮಾಡುವ ಕಥೆ ಅದು. ಬಾನಾಮತಿ ಅನ್ನುವುದು ನಮ್ಮ ಕಡೆ ಬರೀ ಕಥೆಯಲ್ಲ. ಆ ಹೆಸರು ಹಚ್ಚಿ ಬಡವರನ್ನು, ಒಂಟಿ ಹೆಂಗಸರನ್ನು ಹೊಡೆದದ್ದಿದೆ. ಮಾಟಮಂತ್ರದ ವಿರುದ್ಧ 2017ರಲ್ಲಿ ರಾಜ್ಯವು ಕಾಯ್ದೆಯನ್ನೇ ಮಾಡಬೇಕಾಯಿತು. ಅಂಥ ಊರಿನಲ್ಲಿ ಅಂಜಿಕೆಯ ಪುಸ್ತಕ ಕಟ್ಟೆಯ ಮೇಲೆ, ಪ್ರೀತಿಯ ಪುಸ್ತಕ ಜೋಳದ ಚೀಲದ ಹಿಂದೆ. ನಮ್ಮ ಮಗ್ಗುಲಲ್ಲೇ ಮಳಖೇಡ ಅದ. ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರೆಂದು ಹೊಗಳುತ್ತದೆ. ಓದದವರನ್ನೇ ಅಷ್ಟು ಹೊಗಳಿದ ನೆಲದಲ್ಲಿ ಓದಿದ ಹುಡುಗಿಯ ಮೇಲೆ ಇಷ್ಟು ಅನುಮಾನ ಯಾಕೆ?

ಅನುಮಾನಕ್ಕೆ ಕಾರಣ ಕೊಡುವವರು ಹೇಳುವುದು ಇಷ್ಟು: ಈ ಪುಸ್ತಕಗಳು ಸುಳ್ಳು ಹೇಳುತ್ತವೆ. ಜೀವನದಲ್ಲಿ ಇಲ್ಲದ ಪ್ರೀತಿಯನ್ನು ತೋರಿಸಿ ಹುಡುಗಿಯರಿಗೆ ಇಲ್ಲದ ಆಸೆ ಹುಟ್ಟಿಸುತ್ತವೆ. ಇದನ್ನು ತಳ್ಳಿಹಾಕುವ ಹಾಗಿಲ್ಲ. ಸಿಟ್ಟಿನ ಗಂಡು, ಕೈ ಮಾಡುವ ಗಂಡು, ಬ್ಯಾಡ ಅಂದರೂ ಬೆನ್ನು ಹತ್ತುವ ಗಂಡು ಕೊನೆಗೆ ದೇವರಂಥ ಗಂಡನಾಗುವ ಕಾದಂಬರಿಗಳನ್ನು ನಾನೂ ಬೇಕಾದಷ್ಟು ಓದಿದ್ದೇನೆ. 2005ರಲ್ಲಿ ಬಂದು ಜಗತ್ತಿಗೆಲ್ಲ ಹುಚ್ಚು ಹಿಡಿಸಿದ ‘ಟ್ವೈಲೈಟ್’ನಲ್ಲಿ ರಕ್ತಪಿಶಾಚಿ ನಾಯಕ ರಾತ್ರಿ ಹುಡುಗಿಯ ಕೋಣೆಗೆ ಬಂದು, ಆಕೆ ಮಲಗಿರುವುದನ್ನು ನೋಡುತ್ತಾ ಕೂಡುತ್ತಾನೆ. ಅದು ಪ್ರೀತಿಯೇ? ನಮ್ಮ ಊರಿನಲ್ಲಾದರೆ ಪೊಲೀಸ್ ಕೇಸು.

ಅದಕ್ಕೇ ಅವತ್ತು ಸಾಲಿ ಬಿಟ್ಟ ಮೇಲೆ ಆ ಹುಡುಗಿಯನ್ನು ಕೂಡಿಸಿಕೊಂಡೆ. ಕ್ಲಾಸಿಗೆ ಮೊಬೈಲ್ ತಂದದ್ದು ತಪ್ಪು, ಅದಕ್ಕೆ ಒಂದು ವಾರ ಫೋನ್ ನನ್ನ ಹತ್ತಿರ ಅಂತ ಹೇಳಿದೆ. ಆಮೇಲೆ ಕಥೆ ಏನು ಅಂತ ಕೇಳಿದೆ. ಮೊದಲು ತಲೆ ಎತ್ತಲಿಲ್ಲ. ಒಂದು ಸಲ ಶುರುವಾದ ಮೇಲೆ ನಿಲ್ಲಲಿಲ್ಲ. ಇವನೂ ಕಿಟಕಿಯಲ್ಲಿ ಬರುವವನೇ.

"ಹಂಗ ನಿನ್ನ ಕಿಟಕ್ಯಾಗ ಯಾರರ ಬಂದ್ರ?" ಅಂದೆ.

"ಚಪ್ಪಲಿಲೆ ಹೊಡೀತೀನ್ರಿ ಟೀಚರ್!" ಅಂದಳು. "ಕಥಿ ಬ್ಯಾರೆ ಅಲ್ರೀ?"

ಸ್ವಲ್ಪ ಹೊತ್ತು ಬಿಟ್ಟು ತಾನೇ ಅಂದಳು, "ಆದ್ರ ಅಂವ ಆಕಿ ಫ್ರೆಂಡ್ಸ್ ಜೋಡಿ ಮಾತಾಡಬ್ಯಾಡ ಅಂತಾನ್ರಿ. ಅದು ನಂಗ ಸೇರಲಿಲ್ಲ."

ಆ ಕೊನೆಯ ಮಾತಿಗಾಗಿ ನಾನು ಇದನ್ನೆಲ್ಲ ಬರೆಯುತ್ತಿದ್ದೇನೆ. ಆಕೆ ಪುಸ್ತಕದ ಜೊತೆ ಜಗಳಕ್ಕೆ ಬಿದ್ದಿದ್ದಳು. ಯಾರ ಮುಂದಾದರೂ ಆಡುವ ಅವಕಾಶ ಅದೇ ಮೊದಲು ಸಿಕ್ಕಿತ್ತು. ನಾನು ಅಪ್ಪನಿಗೆ ಫೋನ್ ಮಾಡಿದ್ದರೆ ಕಥೆ ನಿಲ್ಲುತ್ತಿರಲಿಲ್ಲ, ಆ ಮಾತು ಮಾತ್ರ ನಿಲ್ಲುತ್ತಿತ್ತು. ಮುಚ್ಚಿಟ್ಟುಕೊಂಡು ಓದುವವಳಿಗೆ "ಇವನ ನಡತಿ ಛಲೋ ಇಲ್ಲ ನೋಡು" ಅಂತ ಹೇಳುವವರು ಯಾರಿರುತ್ತಾರೆ? ಕೆಟ್ಟ ಪುಸ್ತಕ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಟ್ಟದ್ದನ್ನು ಕೆಟ್ಟದ್ದು ಅಂತ ಗುರುತಿಸಲು ಅದನ್ನು ಯಾರ ಮುಂದಾದರೂ ಹೇಳಿಕೊಳ್ಳಲು ಬರಬೇಕು. ಆ ದಾರಿಯನ್ನು ಮುಚ್ಚಿದವರು ಪುಸ್ತಕ ಬರೆದವರಲ್ಲ, ನಾವು. ನಮ್ಮ ಮನೆಯಲ್ಲಿ ಮುಚ್ಚಿದವಳು ನಾನು.

ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಇದೇ ದೂರು ಇತ್ತು. ಜೇನ್ ಆಸ್ಟಿನ್ ತೀರಿಹೋದ ಮೇಲೆ, 1817ರ ಕೊನೆಗೆ ಬಂದ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಕ್ಯಾಥರೀನ್ ಅನ್ನುವ ಹುಡುಗಿ ದೆವ್ವದ ಬಂಗಲೆಯ ಕಾದಂಬರಿಗಳನ್ನು ಓದೀ ಓದೀ, ತಾನು ಮೆಚ್ಚಿದವನ ಅಪ್ಪ ಹೆಂಡತಿಯನ್ನೇ ಕೊಂದಿರಬೇಕೆಂದು ಅನುಮಾನ ಪಡುತ್ತಾಳೆ. ಅದು ತಪ್ಪು, ಆಮೇಲೆ ನಾಚಿಕೆಪಡುತ್ತಾಳೆ. ಆದರೆ ಅದೇ ಅಪ್ಪ, ಇವಳ ಹತ್ತಿರ ಆಸ್ತಿ ಇಲ್ಲ ಅಂತ ತಿಳಿದ ಕೂಡಲೇ ಇವಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಕೊಲೆಯ ವಿಷಯದಲ್ಲಿ ಅವಳ ಓದು ಅವಳನ್ನು ದಾರಿ ತಪ್ಪಿಸಿತು, ಆ ಮನುಷ್ಯ ಒಳ್ಳೆಯವನಲ್ಲ ಅನ್ನುವುದರಲ್ಲಿ ತಪ್ಪಿಸಲಿಲ್ಲ. ನಮ್ಮ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದರಲ್ಲ, ಅದರಲ್ಲಿ ಆಸ್ತಿ ಕೈತಪ್ಪಿತೆಂದು ದೂರ ಸರಿದವನು ಮತ್ತೆ ಬಂದು ಕೇಳಿದಾಗ ಇಂದಿರಾ ಒಲ್ಲೆ ಅನ್ನುತ್ತಾಳೆ. ಒಲ್ಲೆ ಅನ್ನುವುದನ್ನೂ ನಮ್ಮ ಹೆಣ್ಣುಮಕ್ಕಳಿಗೆ ತೋರಿಸಿದ್ದು ಇಂಥ ಕಥೆಗಳೇ.

ಈ ದೀಪಾವಳಿಗೆ ಚಿಂಚೋಳಿಗೆ ಹೋಗಿದ್ದೆ. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಅತ್ತಿ ಮೊರದಲ್ಲಿ ಬ್ಯಾಳಿ ಹಸನ ಮಾಡುತ್ತಾ ಕೂತಿದ್ದಳು. ಇಷ್ಟು ವರ್ಷ ಹೇಳದಿದ್ದದ್ದನ್ನು ಹೇಳಿದೆ.

"ಅವತ್ತು ಮುತ್ಯಾಗ ಹೇಳ್ದಾಕಿ ನಾನೇ ಅತ್ತಿ."

"ಗೊತ್ತದ. ಮತ್ಯಾರು ಹೇಳ್ತಾರ?" ಅಂತ ನಕ್ಕಳು.

"ಆ ಪುಸ್ತಕದ ಹೆಸರು ಹೇಳು. ಎಲ್ಲಿದ್ರೂ ಹುಡುಕಿ ತರ್ತೀನಿ."

"ಹೆಸರು ಯಾರಿಗಿ ಗೊತ್ತವ್ವ. ಅದಕ್ಕ ರಟ್ಟೇ ಇರಲಿಲ್ಲ."

"ಕೊನಿಗಿ ಏನಾಗಿತ್ತೋ ಏನೋ..."

"ಏನಾಗ್ತದ? ಕೂಡಿರ್ತಾರ. ಅದು ಮೊದಲನೇ ಹಾಳ್ಯಾಗೇ ತಿಳೀತದ." ಮೊರ ಒಂದು ಸಲ ಕೇರಿದಳು. "ಅಂವ ಆಕಿಗಿ ಹೆಂಗ ಕೇಳ್ದ, ಆಕಿ ಏನಂದ್ಲು, ಅದೊಂದು ಓದಬೇಕು ಅಂತಿದ್ದೆ."

ನಾವು ಅಂದುಕೊಂಡ ಹಾಗೆ ಅತ್ತಿ ಯಾವತ್ತೂ ಮೋಸಹೋಗಿರಲಿಲ್ಲ. ಮುತ್ಯಾನಿಗೆ ನಳನ ಕಥೆಯ ಕೊನೆ ಗೊತ್ತಿದ್ದ ಹಾಗೆಯೇ ಅವಳಿಗೂ ಕೊನೆ ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಬ್ಬ ಹೆಣ್ಣುಮಗಳನ್ನು ಕೇಳಿ, ಆಕೆಯ ಉತ್ತರಕ್ಕಾಗಿ ಕಾಯುವ ಆ ಎರಡು ಹಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಮುಚ್ಚಿಟ್ಟುಕೊಂಡು ಓದುತ್ತಿರಬಹುದು. ಇಸಿದುಕೊಳ್ಳುವ ಮೊದಲು ಬಾಜೂಕ ಕೂತು ಒಂದು ಮಾತು ಕೇಳ್ರಿ: ಕಥಿ ಎಲ್ಲೀತನಕ ಬಂತು?