ಶಾಲಿಸಿಕ್ಥ ಮತ್ಸ್ಯವೂ ಉಪವಾಸವೂ

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಒಂದು ಅಲ್ಪ ಜೀವಿಯನ್ನು ನೆನೆದಿದ್ದಾರೆ. ಶಾಲಿಸಿಕ್ಥವೆಂಬ ಆ ಮೀನು ಅಕ್ಕಿಯ ಅಗುಳಿನಷ್ಟು ಗಾತ್ರದ್ದು. ಸ್ವಯಂಭೂರಮಣ ಸಮುದ್ರದಲ್ಲಿ 1000 ಯೋಜನ ಉದ್ದದ ಮಹಾಮತ್ಸ್ಯದ ಕಿವಿಯಲ್ಲಿ ಅದರ ವಾಸ. ಆ ಕಿವಿಯ ಮಲವೇ ಅದರ ಆಹಾರ. ಮಹಾಮತ್ಸ್ಯವು ಬಾಯಿ ತೆರೆದು ನಿದ್ರಿಸುವಾಗ ಅಸಂಖ್ಯ ಜಲಚರಗಳು ಒಳಹೊಕ್ಕು ಹೊರಬರುತ್ತವೆ. ಅದನ್ನು ಕಂಡು ಕಿವಿಯೊಳಗಿನ ಮೀನು ಮರುಗುತ್ತದೆ: "ಎಂಥ ಮೂಢಪ್ರಾಣಿಯಿದು! ಬಾಯಿಗೆ ಬಂದುದನ್ನು ಬಿಟ್ಟುಕೊಡುತ್ತಿದೆ. ಈ ದೇಹ ನನಗಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ." ಅದು ಒಂದು ಜೀವಿಯನ್ನೂ ನುಂಗಲಿಲ್ಲ, ನುಂಗುವಷ್ಟು ಬಾಯಿಯೂ ಅದಕ್ಕಿರಲಿಲ್ಲ. ಆದರೂ ಮಹಾಮತ್ಸ್ಯವು ಹೋದ ಏಳನೆಯ ನರಕಕ್ಕೇ ಅದೂ ಹೋಯಿತು.

ನರಕದ ಮಾತು ಹಾಗಿರಲಿ, ಧರ್ಮಬಂಧುಗಳು ಆ ಮೀನಿನ ನೋಟವನ್ನು ಗಮನಿಸಬೇಕು. ಕಣ್ಣೆದುರಿಗಿದ್ದುದು ಸಮುದ್ರ, ಅದಕ್ಕೆ ಕಂಡದ್ದು ಕೈತಪ್ಪಿದ ಊಟ. ನಿದ್ರಿಸುವ ಜೀವಿಯಲ್ಲಿ ಮೂಢತನವೂ ಬದುಕಿ ಹೊರಬಂದ ಜೀವಿಗಳಲ್ಲಿ ನಷ್ಟವೂ ಕಂಡವು. ಕಷಾಯದಿಂದ ಬಣ್ಣವೇರಿದ ಯೋಗಪ್ರವೃತ್ತಿಯೇ ಲೇಶ್ಯೆಯೆಂಬ ಗೊಮ್ಮಟಸಾರದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ. ಹಣ್ಣಿನ ಮರವನ್ನು ಕಂಡ ಆರು ಮಂದಿ ದಾರಿಗರ ಕಥೆಯಂತೂ ಎಲ್ಲರೂ ಬಲ್ಲದ್ದೇ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೂ ಅದರ ಚಿತ್ರವಿದೆ.

ಚತುರ್ದಶಿಯಂದು ಪ್ರೋಷಧೋಪವಾಸ ಕೈಗೊಂಡ ಶ್ರಾವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹಿಂದಿನ ದಿನ ಏಕಭುಕ್ತವಾಗಿದೆ. ಇಂದು ನೀರೂ ಮುಟ್ಟಿಲ್ಲ. ಬಸದಿಗೆ ಹೊರಟವನಿಗೆ ನೆರೆಮನೆಯ ಒಗ್ಗರಣೆಯ ವಾಸನೆ ಬಂದಿತು. "ಪರ್ವದಿನದಲ್ಲೂ ಇವರ ಒಲೆ ಆರದು" ಎಂದುಕೊಂಡನು. ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತ ವೃದ್ಧರೊಬ್ಬರು ತೂಕಡಿಸಿದರು. ಹೊಟ್ಟೆ ತುಂಬ ಉಂಡು ಬಂದಿರಬೇಕೆಂದು ಇವನು ಮುಖ ತಿರುಗಿಸಿದನು. ಆ ವೃದ್ಧರಿಗೂ ಅಂದು ನಿರಾಹಾರವೇ ಆಗಿತ್ತು.

ಅನ್ನವನ್ನು ಬಿಟ್ಟು ಕಷಾಯವನ್ನು ಬಿಡದಿದ್ದರೆ ಅದನ್ನು ಶಾಸ್ತ್ರಜ್ಞರು ಲಂಘನವೆನ್ನುತ್ತಾರೆ. ವೈದ್ಯನು ಜ್ವರಕ್ಕೆ ವಿಧಿಸುವುದೂ ಅದನ್ನೇ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಈ ವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಮೂರು, ನೆಲವನ್ನೂ ವಸ್ತುವನ್ನೂ ಚೆನ್ನಾಗಿ ನೋಡದೆ, ಶುದ್ಧಿಮಾಡದೆ ವಿಸರ್ಜಿಸುವುದು, ಎತ್ತಿಕೊಳ್ಳುವುದು, ಹಾಸುವುದು. ಉಳಿದೆರಡು ಅನಾದರ ಮತ್ತು ಮರೆವು. ನಮ್ಮ ಶ್ರಾವಕನು ಮೊದಲ ಮೂರರಲ್ಲಿ ನಿರ್ದೋಷಿ. ಇರುವೆಯೊಂದು ಸಾಯಬಾರದೆಂದು ನೆಲವನ್ನು ಎರಡು ಸಲ ನೋಡಿ, ಮೆಲ್ಲನೆ ಗುಡಿಸಿಯೇ ಚಾಪೆ ಹಾಸಿದ್ದನು. ಒಂದು ಮಾರು ದೂರದಲ್ಲಿದ್ದ ಒಣಗಿದ ತುಟಿಗಳು ಮಾತ್ರ ಅವನಿಗೆ ಕಾಣಲಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಅವನು ಆ ನೋಟವನ್ನೂ ಸೇರಿಸಿಕೊಳ್ಳಬಹುದು. ಪಾರಣೆಗೆ ಇನ್ನೂ ಒಂದು ರಾತ್ರಿಯಿದೆ.