ಬೋಕಿಯ ಬೆಲೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಕೇಳಿದರೆ, ಒಡೆದಲ್ಲಿಗೆ ಮಡಕೆಯ ಕಥೆ ಮುಗಿಯಿತು ಅನ್ನಿಸುತ್ತದೆ. ಹಿಂದಿನವರ ಲೆಕ್ಕಾಚಾರವೇ ಬೇರೆ ಇತ್ತು. ಅವರ ಪಾಲಿಗೆ ಬೋಕಿಯೂ, ಅಂದರೆ ಒಡೆದ ಮಡಕೆಯ ಚೂರೂ, ಒಂದು ಸಾಮಾನು.

ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನಲ್ಲಿ ಅದು ಮತಪತ್ರವಾಗಿತ್ತು. ಈಜಿಪ್ಟಿನಿಂದ ತರಿಸುವ ಪಪೈರಸ್ ದುಬಾರಿ, ಬೋಕಿಯೋ ಪುಕ್ಕಟೆ. ಯಾರಾದರೂ ಮುಖಂಡ ಮಿತಿಮೀರಿ ಬೆಳೆದನೆನಿಸಿದರೆ ನಾಗರಿಕರು ಮಡಕೆ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಹೀಗೆ ಒಬ್ಬನನ್ನು ಗಡಿಪಾರು ಮಾಡಲು 6,000 ಮತ ಬೇಕಿತ್ತು. ಗಡಿಪಾರಿನ ಅವಧಿ 10 ವರ್ಷ. ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ ಥೆಮಿಸ್ಟೊಕ್ಲಿಸ್‌ ಕೂಡ ಹೀಗೆಯೇ ಊರು ಬಿಟ್ಟ. ಅವನ ಹೆಸರಿರುವ ಸುಮಾರು 190 ಚೂರುಗಳು ಅಕ್ರೊಪೊಲಿಸ್ ಬೆಟ್ಟದ ಬಳಿಯ ಬಾವಿಯೊಂದರಲ್ಲಿ ಸಿಕ್ಕಿವೆ. ಅಕ್ಷರ ಹೋಲಿಸಿ ನೋಡಿದರೆ ಬರೆದ ಕೈಗಳು 14 ಮಾತ್ರ! ಮೊದಲೇ ಬರೆದಿಟ್ಟು ಹಂಚುವ ಚುನಾವಣಾ ಜಾಣತನ ಆಗಲೂ ಇತ್ತು ಎಂದಾಯಿತು.

ರೋಮನ್ನರ ಆಳ್ವಿಕೆಯ ಈಜಿಪ್ಟಿನಲ್ಲಿ ತೆರಿಗೆ ಕಟ್ಟಿದ್ದಕ್ಕೆ ರಸೀದಿಯನ್ನೂ ಬೋಕಿಯ ಮೇಲೆ ಬರೆದುಕೊಡುತ್ತಿದ್ದರು. ಭಾರತದ ಉತ್ಖನನಗಳಲ್ಲಿ ಅಂಚು ಉಜ್ಜಿ ದುಂಡಗೆ ಮಾಡಿದ ಬೋಕಿಬಿಲ್ಲೆಗಳು ಹೇರಳವಾಗಿ ಸಿಗುತ್ತವೆ. ಎಷ್ಟೋ ಕಡೆ ಕುಂಬಾರರು ಹಳೆಯ ಚೂರನ್ನು ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುತ್ತಿದ್ದರು. ಅದರಿಂದ ಮಡಕೆ ಒಣಗುವಾಗ, ಬೇಯುವಾಗ ಬಿರುಕು ಬಿಡುವುದು ಕಡಿಮೆ. ರೋಮನ್ನರು ಅದೇ ಪುಡಿಯನ್ನು ಸುಣ್ಣಕ್ಕೆ ಸೇರಿಸಿ ನೀರಿನ ತೊಟ್ಟಿಗಳಿಗೆ ಗಿಲಾವು ಮಾಡಿದರು. ಸುಟ್ಟ ಮಣ್ಣು ಸುಣ್ಣದೊಡನೆ ಕೂಡಿದರೆ ನೀರು ತಡೆಯುವ ಗಟ್ಟಿ ಗಾರೆಯಾಗುತ್ತದೆ. ಇಟ್ಟಿಗೆ ಪುಡಿಯ ನಮ್ಮ ಸುರ್ಕಿ ಗಾರೆಯ ಗುಟ್ಟೂ ಇದೇ. ಕನ್ನಂಬಾಡಿ ಕಟ್ಟೆ ನಿಂತಿರುವುದು ಅದರ ಬಲದ ಮೇಲೆ.

ಹಾಗೆಂದು ಪ್ರಾಚೀನರನ್ನು ಪರಿಸರದ ಸಂತರೆಂದು ಕೊಂಡಾಡಬೇಕಿಲ್ಲ. ರೋಮ್ ನಗರದ ಮೊಂಟೆ ಟೆಸ್ಟಾಚಿಯೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡ ಪೂರ್ತಿ ಒಡೆದ ಜಾಡಿಗಳದ್ದೇ. ಹೆಚ್ಚಿನವು ಸ್ಪೇನಿನಿಂದ ಆಲಿವ್ ಎಣ್ಣೆ ತಂದ ಜಾಡಿಗಳು. ಎಣ್ಣೆ ಮಣ್ಣಿನೊಳಗೆ ಇಳಿದು ಕಮಟು ಹಿಡಿಯುತ್ತಿದ್ದರಿಂದ ಅವನ್ನು ಮತ್ತೆ ತುಂಬುವಂತಿರಲಿಲ್ಲ. ಒಡೆದು, ಅಚ್ಚುಕಟ್ಟಾಗಿ ಒಟ್ಟಿ, ವಾಸನೆ ಅಡಗಲು ಸುಣ್ಣ ಚೆಲ್ಲಿದರು. ಕಸವೇನೋ ಹೌದು, ಆದರೆ ಅದಕ್ಕೂ ಒಂದು ಜಾಗ, ಒಂದು ಕ್ರಮ ಇತ್ತು.

ಮರುಬಳಕೆ ಒಳ್ಳೆಯ ಮನಸ್ಸಿನಿಂದಷ್ಟೇ ಆಗುವುದಿಲ್ಲ. ಒಡೆದ ಮೇಲೂ ಕೆಲಸಕ್ಕೆ ಬರುವ ಗುಣ ವಸ್ತುವಿನಲ್ಲೇ ಇರಬೇಕು. ಹಲವು ಪದರಗಳನ್ನು ಅಂಟಿಸಿ ಮಾಡಿದ ಇಂದಿನ ಚಿಪ್ಸ್ ಪೊಟ್ಟಣದಲ್ಲಿ ಆ ಗುಣವಿಲ್ಲ. ಅದನ್ನು ಬಿಸಾಡುವವನನ್ನು ಬೈಯುವ ಮೊದಲು ತಯಾರಿಸುವವನನ್ನು ಕೇಳಬೇಕು. ಇನ್ನು ನಾವು ಅಂಗಡಿಯಲ್ಲಿ ಬೆಲೆ ವಿಚಾರಿಸುವಾಗ, ಹಾಳಾದ ಮೇಲೆ ಇದು ಏನಾಗುತ್ತದೆ ಎಂದೂ ವಿಚಾರಿಸೋಣ.