ಮರೆಯುವವನಿಗೆ ಜ್ಞಾಪಕದ ಕಲ್ಲು
(ಯೆಹೋಶುವ 4ನೇ ಅಧ್ಯಾಯ)



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ, ಅದರ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿ ತರಬೇಕೆಂದು ದೇವರು ಅಪ್ಪಣೆ ಕೊಟ್ಟನು. ಅವುಗಳನ್ನು ಗಿಲ್ಗಾಲಿನಲ್ಲಿ ಜ್ಞಾಪಕಕ್ಕಾಗಿ ನಿಲ್ಲಿಸಿದರು. ಅಷ್ಟು ದೊಡ್ಡ ಉಪಕಾರಕ್ಕೆ ಕಲ್ಲಿನ ಗುರುತು ಯಾತಕ್ಕೆ? ಮನುಷ್ಯನ ನೆನಪು ಬಲಹೀನವೆಂದು ದೇವರು ಬಲ್ಲನು. ಆದಕಾರಣ ಮರೆವೆಗೆ ಮುಂಚೆಯೇ ಗುರುತನ್ನು ಕೊಟ್ಟನು.

ಇದನ್ನು ತಿಳಿಯದೆ ನಾವೇ ಒಮ್ಮೆ ತಪ್ಪಿದೆವು. ಘೋರವಾದ ಮನೋವ್ಯಾಧಿಯಿಂದ ಚೇತರಿಸಿಕೊಂಡ ಒಬ್ಬ ಯುವಕನು ಕರ್ತನ ಭೋಜನಕ್ಕೆ ಸೇರಬೇಕೆಂದು ನಮ್ಮ ಬಳಿ ಪ್ರಶ್ನೋತ್ತರವನ್ನು ಕಲಿಯುತ್ತಿದ್ದನು. ಇಲ್ಲದ ದನಿಗಳನ್ನು ಕೇಳಿ ಬೆದರುವದು ಔಷಧದಿಂದ ನಿಂತಿತ್ತು. ಆದರೂ ಇಂದು ಒಪ್ಪಿಸಿದ ಪಾಠವು ನಾಳೆ ಅವನ ಬಾಯಲ್ಲಿರಲಿಲ್ಲ. ಇದು ಅಲಕ್ಷ್ಯವೆಂದು ಎಣಿಸಿ ಎಲ್ಲರ ಮುಂದೆ ಗದರಿಸಿದೆವು. ಅವನು ತಲೆ ತಗ್ಗಿಸಿ ಹೋದನು; ಆರು ವಾರ ಆರಾಧನೆಗೆ ಬರಲಿಲ್ಲ. ಆಗ ಅವನ ತಾಯಿಯು ಬಂದು, "ಉಪದೇಶಿಯವರೇ, ಮೂರು ಸಾಮಾನಿಗೆ ಅಂಗಡಿಗೆ ಕಳುಹಿಸಿದರೆ ಒಂದನ್ನೇ ತರುತ್ತಾನೆ. ಆದರೆ ಮೆಟ್ಟುಗತ್ತಿಯ ಮುಂದೆ ಕೂತರೆ ಅಡಿಕೆ ಸುಲಿಯುವ ಕೈ ಏನನ್ನೂ ಮರೆತಿಲ್ಲ. ಇದು ಸೋಮಾರಿತನವೋ?" ಎಂದು ಅತ್ತಳು.

ಆ ತಾಯಿಯು ಕಂಡದ್ದನ್ನೇ ವೈದ್ಯರೂ ಕಂಡಿದ್ದಾರೆ. ಸ್ಕಿಜೋಫ್ರೇನಿಯ ಎಂಬ ವ್ಯಾಧಿಯು ಬಹಳ ಜನರಲ್ಲಿ ಗಮನವನ್ನೂ, ಕೇಳಿದ್ದನ್ನು ಹಿಡಿದುಕೊಳ್ಳುವ ಶಕ್ತಿಯನ್ನೂ, ಯೋಚನೆಯ ವೇಗವನ್ನೂ ಕುಂದಿಸುತ್ತದೆ. ಭ್ರಮೆಗಳು ಔಷಧಕ್ಕೆ ಅಡಗಿದರೂ ಈ ಕೊರತೆಯು ಅಷ್ಟು ಸುಲಭವಾಗಿ ಹೋಗುವದಿಲ್ಲ. ಕೈಗೆ ರೂಢಿಯಾದ ಕೆಲಸವಾದರೋ ಹೆಚ್ಚಾಗಿ ಉಳಿಯುತ್ತದೆ. ಹಿಂದೆ ಜರ್ಮನ್ ವೈದ್ಯನಾದ ಕ್ರೆಪೆಲಿನನು ಈ ವ್ಯಾಧಿಯನ್ನು ಎಳೆಪ್ರಾಯದ ಬುದ್ಧಿನಾಶವೆಂಬರ್ಥದ ಹೆಸರಿನಿಂದ ಕರೆದನು. ಎಲ್ಲರ ಬುದ್ಧಿಯೂ ಹಾಗೆ ನಾಶವಾಗುವದಿಲ್ಲವೆಂದು ಕಂಡ ಸ್ವಿಸ್ ವೈದ್ಯ ಬ್ಲಾಯ್ಲರನು 1908ರಲ್ಲಿ ಈಗಿನ ಹೆಸರನ್ನು ಕೊಟ್ಟನು.

ಹಾಗಾದರೆ ನಾವು ಮಾಡತಕ್ಕದ್ದೇನು?

ಮೊದಲನೆಯದು, ಚಿಕಿತ್ಸೆಯನ್ನು ಬಿಡಿಸಬಾರದು. ನಮ್ಮಂತೆಯೇ ಮಲೆನಾಡಾದ ತೀರ್ಥಹಳ್ಳಿ ತಾಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2005ರ ಬಳಿಕ ಇಂಥ ರೋಗಿಗಳನ್ನು ಅವರ ಊರುಗಳಲ್ಲಿಯೇ ಆರೈಕೆ ಮಾಡಿದರು. ಚಿಕಿತ್ಸೆಯಲ್ಲಿ ನಿಂತವರು ದಿನದ ಕೆಲಸಗಳಲ್ಲಿ ಚೇತರಿಸಿಕೊಂಡದ್ದು ಕಂಡುಬಂತು. ಕೈನಡುಕಕ್ಕೆಂದು ಕೊಡುವ ಕೆಲವು ಗುಳಿಗೆಗಳು ಮರೆವನ್ನು ಹೆಚ್ಚಿಸುವದುಂಟು. ಆದರೂ ತಾನಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ, ಕ್ರಯವಿಲ್ಲದೆ ಸಲಹೆ ದೊರೆಯುತ್ತದೆ.

ಎರಡನೆಯದು, ಜ್ಞಾಪಕದ ಕಲ್ಲುಗಳನ್ನು ನಿಲ್ಲಿಸಬೇಕು. ಒಂದು ಸಾರಿಗೆ ಒಂದೇ ಮಾತು ಹೇಳಿರಿ. ತಪ್ಪುವ ತನಕ ಕಾದು ತಿದ್ದದೆ, ಸರಿಯಾದ ಉತ್ತರವನ್ನು ಮೊದಲೇ ಹೇಳಿಕೊಟ್ಟು ಹೇಳಿಸಿರಿ. ಯಾಕಂದರೆ ಇಂಥವರಿಗೆ ತಪ್ಪಿಲ್ಲದೆ ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ. ಗುಳಿಗೆಯನ್ನು ಊಟದ ತಟ್ಟೆಯ ಬಳಿಯಲ್ಲಿಯೂ, ಸಾಮಾನಿನ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿಯೂ, ಆಸ್ಪತ್ರೆಗೆ ಹೋಗುವ ದಿನದ ಗುರುತನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೂ ಇಡಿರಿ.

ಮೂರನೆಯದು, ಬಾಯಿಪಾಠವನ್ನು ನಂಬಿಕೆಯ ಅಳತೆಗೋಲಾಗಿ ಮಾಡಬಾರದು. ನಾವು ಆ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಅಡಿಕೆ ಸುಲಿಯುವ ಚಪ್ಪರದಲ್ಲಿ ಅವನ ಪಕ್ಕದಲ್ಲಿ ಕೂತು, ವಾರಕ್ಕೆ ಒಂದೇ ಉತ್ತರವನ್ನು ಅವನ ಸಂಗಡ ಹೇಳುತ್ತಾ ಬಂದೆವು. ಎಲ್ಲಾ ಉತ್ತರಗಳು ಅವನಿಗೆ ಇಂದಿಗೂ ಬರುವದಿಲ್ಲ. ಆದರೆ ತನ್ನ ಕರ್ತನು ಯಾರೆಂದು ಕೇಳಿದರೆ ತಡವರಿಸದೆ ಹೇಳುತ್ತಾನೆ. ಸಭೆಯ ಹಿರಿಯರು ಅಷ್ಟೇ ಸಾಕೆಂದು ಒಪ್ಪಿ ಅವನನ್ನು ಭೋಜನಕ್ಕೆ ಸೇರಿಸಿಕೊಂಡರು.

ಪ್ರಿಯರೇ, ಶಿಲುಬೆಯ ಮೇಲಿದ್ದ ಕಳ್ಳನಿಗೆ ಯಾವ ಪಾಠ ಬಾಯಿಗೆ ಬರುತ್ತಿತ್ತು? ಕರ್ತನು ತನ್ನನ್ನು ನೆನಸಬೇಕೆಂಬ ಒಂದೇ ಬೇಡಿಕೆ ಅವನಲ್ಲಿತ್ತು, ಅದು ಆಲಿಸಲ್ಪಟ್ಟಿತು. ಮರೆಯುವವರನ್ನು ಮರೆಯದಿರುವ ಮನಸ್ಸನ್ನು ದೇವರು ನಮ್ಮ ಸಭೆಗಳಿಗೆ ಅನುಗ್ರಹಿಸಲಿ. ಆಮೆನ್.